ಬಲಗಡೆ ಬಂದು ಮಾತಾಡವ್ವ

ಬಲಗಡೆ ಬಂದು ಮಾತಾಡವ್ವ, ಎಡಗಿವಿ ಹೋಗ್ಬುಟ್ಟದೆ.
ಏನಂದೆ? ಇಪ್ಪತ್ತೆಂಟರ ಟೈರಾ? ಅರ್ಧ ಬೆಲೆಗೆ ಬಂತಾ?
ಬೆಲೆ ಇಳೀತು ಅಂತ ರಿಮ್ಮು ಸಣ್ಣಾಗಾಕಿಲ್ಲ ಕಣವ್ವ.
ಕೂತ್ಕೊ. ಆ ಸ್ಟೂಲಿಗೆ ಮೂರೇ ಕಾಲು, ಗೋಡೆಗೆ ಒರಗಿಸ್ಕೊ.
ನದೀಮಾ, ಕ್ಯಾಲಿಪರ್ ತಕ್ಕೊಂಬಾ ಮಗ.

ನೋಡು, ಹೊರಗಡೆ ಹಿಡಿದ್ರೆ ಮೂವತ್ತೆರಡು.
ಅದನ್ನ ಮರ್ತ್ಬುಡು.
ಒಳಗಡೆ, ಗೋಡೆಯಿಂದ ಗೋಡೆಗೆ, ಇಪ್ಪತ್ತೈದು.
ಟೈರು ಸಂಸಾರ ಮಾಡೋದು ಒಳಗಡೆ.
ಇಲ್ಲಿ ಉಗುರು ಹಾಕಿ ಎಳೆ. ಏನಾರ ತಡೀತಾ?
ಹಳೇ ರಿಮ್ಮುಗಳ ತುಟಿ ಒಳಕ್ಕೆ ಮಡಿಚಿರೋದು, ಕೊಕ್ಕೆ ಥರ,
ಟೈರಿನ ಅಂಚು ಕಚ್ಕೊಂಡ್ರೆ ಬುಡ್ತಿರ್ಲಿಲ್ಲ.
ಇದಕ್ಕೆ ಹಲ್ಲೇ ಇಲ್ಲ. ಬೋಳು.
ಬರೀ ಬಿಗೀಲೆ ಕೂತಿರ್ಬೇಕು.
ಇದಕ್ಕೆ ಇಪ್ಪತ್ತೆಂಟು ಹಾಕಿದ್ರೆ
ಈಗಷ್ಟೆ ಹುಟ್ಟಿದ ಕರು ಕಾಲಗಲಿಸಿ ನಿಂತಂಗೆ,
ಜಾರಾಕೆ ಒಂದು ಹುಳುಕು ಕಲ್ಲು ಸಾಕು.

ನಮ್ಮ ತಾತ ಮರಿಯಾಚಾರಿ ಗಾಡಿಚಕ್ರಕ್ಕೆ ಪಟ್ಟ ಕಟ್ತಿದ್ದ.
ಸೆಣಬಿನ ದಾರ ಸುತ್ತಿ ಅಳ್ದು, ಗಂಟು ಹಾಕಿ,
ಆ ದಾರಾನ ಹಲ್ಲಲ್ಲಿ ಕಚ್ಕೊಂಡೇ ಕಬ್ಬಿಣ ಕಾಯಿಸ್ತಿದ್ದ,
ಯಾರ್ ಮಾತಾಡ್ಸಿದ್ರೂ ಉತ್ತರ ಇಲ್ಲ.
ಕೆಂಪಗೆ ಕಾದ ಬಳೆ ಮರದ ಮೇಲೆ ಇಳಿದು, ನೀರು ಬಿದ್ದು,
ಚುರ್ ಅಂತ ಕುಗ್ಗಿ, ಅರ ಎಲ್ಲ ಕಿರ್ರಂತ ಬಿಗೀತಿದ್ವು.
ದಾರ ಸುಳ್ಳು ಹೇಳಿದ್ರೆ
ಕಬ್ಬಿನ ಗಾಡಿ ಫ್ಯಾಕ್ಟ್ರಿ ಗೇಟು ಮುಟ್ಟಾಕಿಲ್ಲ ಅನ್ನೋನು.

ಅವನ ಮೊಮ್ಮಗ ನಾನು. ಸುಳ್ಳು ಹೇಳ್ದೆ.
ಅಂದ್ರೆ, ಅಳೀಲಿಲ್ಲ. ಎರಡೂ ಒಂದೇಯ.
ಮದ್ದೂರಿನ ಒಂದು ಹುಡುಗಿ, ರೇಸಿಗೆ ಹೋಗ್ಬೇಕು ಅಂದ್ಲು,
ಸಣ್ಣ ಟೈರು ಚೆನ್ನಾಗಿ ಓಡ್ತದೆ ಅಂದ್ಲು.
ಡಬ್ಬಿ ಮೇಲೆ ಬರೆದದ್ದು ನೋಡ್ದೆ, ರಿಮ್ಮೊಳಗೆ ನೋಡ್ಲಿಲ್ಲ.
ಹಾಕ್ದೆ. ಹಾಲು ಬುಟ್ಟೆ. ಗಾಳಿ ಕೊಟ್ಟೆ.
ಟಕ್. ಟಕ್.
ಎರಡೂ ಅಂಚು ಕೂತ್ವು. ಮೀಸೆ ತಿರುವ್ದೆ.
ಎಪ್ಪತ್ತು. ಎಂಬತ್ತು.
ಇನ್ನೊಂಚೂರು ಗಟ್ಟಿಯಾಗ್ಲಿ ಅಂದ್ಲು.
ತೊಂಬತ್ತಕ್ಕೆ ಕಿವಿ ಹತ್ರ ಇಟ್ಟು, ಎಲ್ಲಾರ ಸೋರ್ತದಾ ಅಂತ ಕೇಳ್ತಿದ್ದೆ

ಆಮೇಕೆ ಏನೂ ಕೇಳ್ಲಿಲ್ಲ.
ಗೋಡೆ, ಕ್ಯಾಲೆಂಡರು, ನದೀಮನ ತಲೆಗೂದ್ಲು, ಎಲ್ಲ ಬೆಳ್ಳಗೆ.
ಆ ಹುಡುಗಿ ಬಾಯಿ ಮಾತ್ರ ಆಡ್ತಿತ್ತು.

ಜನ ಪಾಪ ಅಂತಾರೆ. ನಾನು ಪುಣ್ಯ ಅಂತೀನಿ.
ಇಲ್ಲಿ ಸಿಡಿದದ್ದು ಚಾಮುಂಡಿಬೆಟ್ಟದ ತಿರುವಲ್ಲಿ ಸಿಡಿದಿದ್ರೆ
ಹೋಗ್ತಿದ್ದದ್ದು ಬರೀ ಕಿವಿಯಲ್ಲ, ನನ್ನದೂ ಅಲ್ಲ.
ಅವಳು ಮತ್ತೆ ಬರ್ಲಿಲ್ಲ.
ಗುತ್ತಲು ರೋಡಿನ ಆಚಾರಿ ಅಂಗ್ಡೀಲಿ ಟೈರು ಸಿಡೀತವೆ ಅಂತ
ಹೇಳ್ಕೊಂಡು ತಿರುಗಿದ್ಲಂತೆ. ನಿಜಾನೇ ತಾನೆ.

ನೀನು ಡಾಕ್ಟ್ರು ಓದ್ತೀಯಲ್ಲ,
ಕಿವಿ ತಮಟೇನ ಇಷ್ಟು ವರ್ಷದ ಮೇಲೆ ಹೊಲಿಯಾಕಾಯ್ತದಾ?
ಆಗಾಕಿಲ್ಲ ಅನ್ನೋದಾದ್ರೆ ಎಡಗಡೆ ಬಂದು ಹೇಳು.

ಮೂವತ್ತೆರಡರದ್ದು ತತ್ತಾ. ಬೋಳು ರಿಮ್ಮಿಗೆ ಆಯ್ತದೆ ಅಂತ
ಬದೀಲಿ ಬರೆದಿರ್ಬೇಕು, ಇರುವೆ ಅಕ್ಷರ, ಕನ್ನಡಕ ಹಾಕ್ಕೊಂಡು ಓದು.
ಗಾಳಿ ವಿಷಯಕ್ಕೆ ಟೈರು ಒಂದು ಹೇಳ್ತದೆ, ರಿಮ್ಮು ಒಂದು ಹೇಳ್ತದೆ,
ಯಾರು ಕಮ್ಮಿ ಹೇಳ್ತಾರೋ ಅವರ ಮಾತು ಕೇಳು.
ಎಪ್ಪತ್ತೆರಡು ಯಾವತ್ತೂ ದಾಟಿಸ್ಬೇಡ. ನಿನ್ನ ತೂಕಕ್ಕೆ ಐವತ್ತೇ ಹೆಚ್ಚು.
ಈ ಇಪ್ಪತ್ತೆಂಟನ್ನ ವಾಪಸ್ ಕಳ್ಸು,
ತಗೊಳ್ದಿದ್ರೆ ಇಲ್ಲೇ ಮೊಳೆಗೆ ನೇತಾಕಿ ಹೋಗು,
ಸಣ್ಣ ರಿಮ್ಮಿನೋರು ಯಾರಾರ ಬಂದೇ ಬರ್ತಾರೆ.

ಮೇಲುಕೋಟೆಗೆ ಭಾನುವಾರ ತಾನೆ? ಶುಕ್ರವಾರ ತಂದುಕೊಡು.
ಹಾಕಿ ಒಂದ್ರಾತ್ರಿ ಬುಡ್ತೀನಿ. ಬೆಳಿಗ್ಗೆ ಗಾಳಿ ಅಂಗೇ ಇದ್ರೆ ನಿನ್ನದು.
ಟಕ್ ಟಕ್ ಅನ್ನೋದನ್ನ ನದೀಮ ಕೇಳ್ತಾನೆ.
ನಾನು ಅಂಚಿನ ಗೆರೆ ನೋಡ್ತೀನಿ,
ಸುತ್ತ ಒಂದೇ ಸಮ ಬಂದದಾ ಅಂತ,
ಬಾಗಿಲ ಹತ್ರ ನಿಂತು,
ಬಲಗಿವಿಗೆ ಕೈ ಮುಚ್ಕೊಂಡು.