ಚೀಲ ಕಳೆದು

ಅಮ್ಮತ್ತಿಯ ಶಾಲೆ, ಒಂಬತ್ತನೇ ಕ್ಲಾಸು, ಜನವರಿ.
ಮಂಜಿನ್ನೂ ಕಿಟಕಿ ಬಿಟ್ಟಿರಲಿಲ್ಲ.
ಬೋರ್ಡಿನ ಮೇಲೆ ಗೆರೆಯೊಂದನ್ನು ಓರೆಯಾಗಿ ಹತ್ತಿಸಿ
ಪಕ್ಕದಲ್ಲಿ ಬರೆದೆ: ಇಳಿಜಾರು.
ಹಿಂದಿನ ಬೆಂಚಿನ ಪಾಲಿ ಎದ್ದು ನಿಂತಳು.
"ಹತ್ತುತ್ತಾ ಇದೆಯಲ್ಲ ಸರ್, ಇಳಿಜಾರು ಯಾಕೆ?"

ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ನಾನೂ.
ಏರೋ ಇಳಿಜಾರೋ, ನಿಂತ ಜಾಗದ ಮಾತು
ಎಂದೇನೋ ಹೇಳಿ
ಜಾರಿಕೊಂಡೆ.

ಅದಿರಲಿ, ನಿಮ್ಮಮ್ಮ ಕಾಫಿ ಕೊಯ್ತಾಳಲ್ಲ, ಕಿಲೋಗೆಷ್ಟು?
"ಐದು."
ಹತ್ತಕ್ಕೆ? ಐವತ್ತು. ನಲವತ್ತಕ್ಕೆ? ಇನ್ನೂರು.
ಮಧ್ಯಾಹ್ನ ಸೊಂಟ ಹಿಡಿಯಲಿ, ಚಗಳಿ ಕುತ್ತಿಗೆಗಿಳಿಯಲಿ,
ಗಂಟೆಗೆ ಎಂಟು ಕಿಲೋ ಇದ್ದದ್ದು ನಾಲ್ಕಾಗಲಿ,
ಕಿಲೋಗೆ ಐದು ಐದೇ.
ಗಡಿಯಾರದ ಗೆರೆ ಬಾಗುತ್ತದೆ, ತಕ್ಕಡಿಯದು ಬಾಗುವುದಿಲ್ಲ.
ಇದಕ್ಕೇ ನೇರ ಅನ್ನುವುದು, ಎಂದು
ಚಾಕ್ ಕೆಳಗಿಟ್ಟು ಸ್ವಲ್ಪ ಬೀಗಿದೆ ಕೂಡ.

"ನಿಮ್ಮ ಗೆರೆ ಸೊನ್ನೆಯಿಂದ ಹೊರಡುತ್ತೆ ಸರ್.
ನಮ್ಮದು ಹಾಗಲ್ಲ.
ರೈಟರು ಚೀಲದ ತೂಕ ಅಂತ ಒಂದು ಕಿಲೋ ಹಿಡೀತಾರೆ."

ಮರುದಿನ ಬರುವಾಗ ಖಾಲಿ ಗೋಣಿಯನ್ನು
ದಿನಸಿ ಅಂಗಡಿಯಲ್ಲಿ ತೂಗಿಸಿ ತಂದಿದ್ದಳು.
ಅರ್ಧ ಕಿಲೋ. ಒಣಗಿದ್ದಾಗ ಅದಕ್ಕೂ ಕಡಿಮೆಯಂತೆ.
"ಬರೀ ಚೀಲ ನೇತುಹಾಕಿದರೆ
ನಾವೇ ಎಸ್ಟೇಟಿಗೆ ಎರಡೂವರೆ ರೂಪಾಯಿ ಕೊಡಬೇಕು!"
ಕ್ಲಾಸು ನಕ್ಕಿತು. ಅವಳು ನಗಲಿಲ್ಲ.

ಎರಡು ಗೆರೆ ಎಳೆದಳು,
ಕೆಂಪು ರೈಟರದು, ನೀಲಿ ತನ್ನದು.
ಎರಡಕ್ಕೂ ಇಳಿಜಾರು ಐದು,
ನಡುವೆ ಎರಡೂವರೆ ರೂಪಾಯಿಯಷ್ಟು ಓಣಿ.
"ಎಲ್ಲಿ ಸೇರುತ್ತವೆ ಸರ್?"
ಸೇರುವುದಿಲ್ಲ.
"ನೂರು ಕಿಲೋ ಕೊಯ್ದರೂ?"
ಕೊಯ್ದರೂ.
"ಜಾಸ್ತಿ ಕೊಯ್ದರೆ ಎಲ್ಲ ಸರಿಹೋಗುತ್ತೆ ಅಂತಾರಲ್ಲ,
ಹಾಗಾದರೆ ಅದು ಸುಳ್ಳು."

ಬೋರ್ಡು ಒರೆಸಿದೆ.
ಒರೆಸಲು ಅದರ ಮೇಲೆ ಏನೂ ಇರಲಿಲ್ಲ.

ಆ ಸಂಜೆ ಕಾಫಿ ಕಣದಲ್ಲಿ ಏನಾಯಿತೆಂದು ನಾನು ವಿಚಾರಿಸಲಿಲ್ಲ.
ರೈಟರ್ ಪೂಣಚ್ಚ ಗುರುತಿನವರೇ,
ಭಾನುವಾರ ನನ್ನೆದುರು ಇಸ್ಪೀಟಿಗೆ ಕೂರುವವರು,
ಎಲೆ ಹಂಚುವಾಗ ಒಂದೂ ತಪ್ಪದವರು.

ಗುರುವಾರ ಸ್ಟಾಫ್ ರೂಮಿನ ಬಾಗಿಲಲ್ಲಿ ಪಾಲಿ.
"ಇನ್ನೂ ಹನ್ನೊಂದು ಗ್ರಾಫ್ ಹಾಳೆ ಬೇಕು ಸರ್.
ನಮ್ಮ ಲೈನಿನಲ್ಲಿ ಇನ್ನೂ ಹನ್ನೊಂದು ಮನೆ."

ಹನ್ನೆರಡು ಎಣಿಸಿದೆ.
ಒಂದನ್ನು ಮಡಚಿ ಜೇಬಿಗಿಟ್ಟುಕೊಂಡೆ,
ಭಾನುವಾರಕ್ಕೆ.