ಮುಂಗೈ

ಮಹಬೂಲಾ ಎಂದರೆ ಅರಬ್ಬಿಯಲ್ಲಿ ಹುಚ್ಚಿ.
ಕುವೈತಿನ ಈ ಪೇಟೆಗೆ ಆ ಹೆಸರಿಟ್ಟವರು
ರಾತ್ರಿ ಪಾಳಿಯ ಎರಡು ಗಂಟೆಗೆ
ನನ್ನನ್ನು ಕಂಡೇ ಇಟ್ಟಿರಬೇಕು.

ಇಬ್ಬರು ಪೊಲೀಸರ ನಡುವೆ ಬಂದ ಮೌಲಾಲಿ,
ಸಿಂದಗಿ ಕಡೆಯವನು, ಗಾರೆ ಕೆಲಸ.
ಎಡಗೈಯನ್ನು ಬಲಗೈಯಲ್ಲಿ ಹಿಡಿದಿದ್ದ
ಬೇರೆಯವರ ಮಗುವನ್ನು ಹಿಡಿದಂತೆ.
ಮೆಟ್ಟಿಲಿಂದ ಬಿದ್ದ, ಎಂದ ಹಿರಿಯ ಪೊಲೀಸ್,
ಅರ್ಧ ಇಂಗ್ಲಿಷು, ಅರ್ಧ ಬೆರಳು.
ಕಿರಿಯವನು ನೆಲ ನೋಡುತ್ತಿದ್ದ.

ಹದಿನಾಲ್ಕು ವರ್ಷ ಎಲುಬು ನೋಡಿದ್ದೇನೆ.
ಬೀಳುವವನು ಅಂಗೈ ಚಾಚುತ್ತಾನೆ,
ನೆಲ ಮೊದಲು ಮಣಿಕಟ್ಟನ್ನು ಕೇಳುತ್ತದೆ.
ತಲೆ ಕಾಯುವವನು ಮುಂಗೈ ಎತ್ತುತ್ತಾನೆ,
ಆಗ ಮುರಿಯುವುದು ಕಿರುಬೆರಳ ಕಡೆಯ ಎಲುಬು,
ನಟ್ಟನಡುವೆ, ಅಡ್ಡಕ್ಕೆ,
ಸೀಮೆಸುಣ್ಣ ಮುರಿದ ಹಾಗೆ.
ಪಠ್ಯದಲ್ಲಿ ಈ ಮುರಿತಕ್ಕೆ ಲಾಠಿಯದೇ ಹೆಸರು.
ಕಂಕನಾಡಿಯ ಹಾಸ್ಟೆಲಿನಲ್ಲಿ ಬಾಯಿಪಾಠ ಮಾಡಿದ್ದೆ,
ಕಾಲು ಮಡಚಿ ಕೂತು, ನಗುತ್ತಾ.

ಪರದೆಯ ಮೇಲೆ ಬೆಳ್ಳಗೆ ಬಂತು.

"ಬಿದ್ದೀನಿ ಅಂತಾನ ಬರೀರಿ ಅಕ್ಕಾರ,"
ನನ್ನ ಕನ್ನಡ ಕೇಳಿ ಮೊದಲ ಸಲ ಮುಖವೆತ್ತಿದ.
"ಐದು ತಿಂಗಳ ಪಗಾರ ಕೇಳಾಕ ನಿಂತಿದ್ವಿ.
ಸುಮ್ಮನ ನಿಂತಿದ್ವಿ. ಈಗ ಹೊಡದ್ರು ಅಂದ್ರ
ಪಗಾರೂ ಇಲ್ಲ, ಬರೇ ವಿಮಾನ."

ಏನಂದ, ಎಂದ ಹಿರಿಯ ಪೊಲೀಸ್.
ನೋವು ಅಂತಾನೆ, ಅಂದೆ.
ಅನುವಾದ ತಪ್ಪೇನಲ್ಲ.

ಕಾರಣ ಎಂಬ ಕಲಮಿನಲ್ಲಿ ಬರೆದೆ: ಬಿದ್ದನಂತೆ.
ಕೆಳಗೆ ನನ್ನ ಕೆಲಸದ ಸಾಲು,
ಮುರಿತದ ಜಾಗ, ಓರೆ, ಮಿಲಿಮೀಟರಿನಲ್ಲಿ.
ಮಣಿಕಟ್ಟು ಸರಿಯಿದೆ.
ಅಂಗೈಯಲ್ಲಿ ತರಚು ಇಲ್ಲ.
ಮೊಣಕಾಲಲ್ಲಿ ಇಲ್ಲ.
ಯಾರೂ ಕೇಳದ ಇಲ್ಲಗಳನ್ನೆಲ್ಲ
ದುಂಡಗೆ, ಓದಲು ಬರುವಂತೆ ಬರೆದೆ.

ಹೊರಡುವಾಗ ಕಿರಿಯ ಪೊಲೀಸ್ ಬಗ್ಗಿ
ಮೌಲಾಲಿಯ ಕಳಚಿದ ಚಪ್ಪಲಿಗೆ ಕಾಲು ತೂರಿಸಿದ.
ಅದಕ್ಕೆ ನಮ್ಮಲ್ಲಿ ಕಲಮಿಲ್ಲ.

ಹನ್ನೊಂದನೆಯ ದಿನ ವಕೀಲೆ ಬುದೂರ್ ಬಂದಳು,
ಬಿಸಿಗಾಳಿಯ ಮರಳು ಇನ್ನೂ ಹುಬ್ಬಿನಲ್ಲಿ.
ದೂರು ದಾಖಲಿಸಬೇಕು, ಹೊಡೆದವರ ಹೆಸರು ಬೇಕು,
ಮೊದಲು ಚಿತ್ರಗಳು ಬೇಕು, ಎಂದಳು.
ರೋಗಿಗಳ ಒಪ್ಪಿಗೆ? ಎಂದೆ, ನಿಯಮದಂತೆ.
ಮನಸ್ಸಿನಲ್ಲಿ ಇಕಾಮದ ತಿಂಗಳು ಎಣಿಸುತ್ತಿದ್ದೆ.

ನಾಲ್ಕು ಹಾಳೆ ಮುಂದಿಟ್ಟಳು, ನಾಲ್ಕು ಹೆಬ್ಬೆಟ್ಟು.
ಕೊನೆಯದು ಮೌಲಾಲಿಯದು.
ಊರಲ್ಲಿ ಗಂಡಸರು ಎಡಗೈಯ ಹೆಬ್ಬೆಟ್ಟೊತ್ತುತ್ತಾರೆ.
ಇವು ನಾಲ್ಕೂ ಬಲಗೈಯವು.
ಎಡಗೈಗಳೆಲ್ಲ ಪ್ಲಾಸ್ಟರಿನಲ್ಲಿದ್ದವು.

ಬೀಗದ ಕೈ ಎಲ್ಲಿಟ್ಟೆ ಎಂದು
ಸ್ವಲ್ಪ ಹೊತ್ತು ಹುಡುಕಿದೆ. ಕೊರಳಲ್ಲೇ ಇತ್ತು.