ನಡುವಿನ ಕಂತು

ನೂರಾ ಹದಿನೆಂಟನೇ ಕಂತು. ಇದರಲ್ಲಿ ಯಾರೂ ಸಾಯುವುದಿಲ್ಲ.
ಹೋದ ವಾರದ ಕೋಟೆ ಉರಿದು ಬೂದಿಯಾಗಿದೆ,
ಬರುವ ವಾರದ ಕೋಟೆ ಇನ್ನೂ ಬೆಟ್ಟದಾಚೆ.
ನಡುವೆ ಇಪ್ಪತ್ತೆರಡು ನಿಮಿಷ
ತೊಮೊಜಿ ನಡೆಯುತ್ತಾನೆ, ಅಷ್ಟೇ.

ಮೆಕ್ಸಿಕೋ ನಗರ, ಪೋರ್ತಾಲೆಸ್ ಬಡಾವಣೆ,
ಬೀಗ ರಿಪೇರಿ ಅಂಗಡಿಯ ಮೇಲಿನ ಮಹಡಿ.
ಗಾಜಿನ ಆಚೆ ಹಸಿಂತಾ ಬ್ರಾಕಾಮೊಂತೆಸ್, ಅರವತ್ತೆರಡು ವರ್ಷ.
ಈಚೆ ನಾನು, ಗುಂಡಿಗಳು, ಆರಿದ ಕಾಫಿ.
ಹದಿಮೂರರ ಹುಡುಗನೊಬ್ಬ ಎಂಟು ವರ್ಷದಿಂದ
ಅವಳ ಗಂಟಲಲ್ಲಿ ಬಾಡಿಗೆಗಿದ್ದಾನೆ.

ಕಾಳಗವಿದ್ದರೆ ಅವಳು ಚಪ್ಪಲಿ ಕಳಚಿ ನಿಲ್ಲುತ್ತಾಳೆ.
ಬೆಂಕಿಯ ಏಟಿಗೆ ಒಂದು ಚೀರು, ಮಿಂಚಿನ ಏಟಿಗೆ ಇನ್ನೊಂದು,
ಗೆಳೆಯ ಸತ್ತಾಗ ಮೂರನೆಯದು.
ಅದನ್ನು ಎರಡು ಸಲ ಕೇಳಬೇಡ ಎಂದು ಮೊದಲೇ ತಾಕೀತು.
ಆಮೇಲೆ ಮೂರು ದಿನ ಮಾತೆಲ್ಲ ಚೀಟಿಯಲ್ಲಿ:
ನಿಂಬೆ ಇದೆಯಾ. ಫ್ಯಾನು ಆರಿಸು.

ಇವತ್ತು ಹದಿನೇಳೇ ಮಾತು. ಉಳಿದದ್ದು ಉಸಿರು.
ಏರು ಹತ್ತುವ ಉಸಿರು, ಬಿಸಿ ಅನ್ನಕ್ಕೆ ಊದುವ ಉಸಿರು,
ಗಾಯದ ಬಟ್ಟೆ ಬಿಚ್ಚುವಾಗ ಹಲ್ಲಿನ ಸಂದಿಯಲ್ಲಿ ಒಳಗೆಳೆದದ್ದು.
ಹಾಳೆಯಲ್ಲಿ ಅವಕ್ಕೆ ಅಕ್ಷರವಿಲ್ಲ, ಬರೀ ಚುಕ್ಕೆ.

ಹಸಿವು ಎನ್ನಬೇಕಾದಲ್ಲಿ ಹುಡುಗನ ತುಟಿ ಎರಡು ಸಲ ಮುಚ್ಚುತ್ತದೆ.
ಆ ಭಾಷೆ ಮುಚ್ಚಿದಲ್ಲಿ ಈ ಭಾಷೆಯೂ ಮುಚ್ಚಬೇಕು,
ಪ ಬೇಕು, ಬ ಬೇಕು, ಹೋಗಲಿ ಮ ಆದರೂ.
ನಿರ್ದೇಶಕ ನಾಬೋರ್ ಪೆನ್ಸಿಲು ಕಚ್ಚುತ್ತಾನೆ.
ಅವಳೇ ಹುಡುಕಿ ಕೊಟ್ಟಳು:
"ಅಮ್ಮ ಇದ್ದಿದ್ದರೆ ಬಡಿಸುತ್ತಿದ್ದಳು."
ಮೂಲದಲ್ಲಿ ಅಮ್ಮನ ಸುದ್ದಿಯೇ ಇಲ್ಲ.
ತುಟಿ ಕೂತಿತು, ಇರಲಿ ಬಿಡು, ಎಂದ ನಾಬೋರ್.

ಆರು ಗಂಟೆಗೆ ಕೆಳಗೆ ಗೆಣಸಿನ ಗಾಡಿ.
ಉದ್ದಕ್ಕೆ ಎಳೆದು ಕೊನೆಗೆ ಬಾಡುವ ಅದರ ಹಬೆಯ ಸಿಳ್ಳೆಯನ್ನು
ನಮ್ಮ ಸ್ಪಂಜಿನ ಗೋಡೆ ಎಂದೂ ತಡೆದಿಲ್ಲ.
ಅದು ದಾಟುವವರೆಗೆ ಎಲ್ಲರೂ ಸುಮ್ಮನೆ.
ಆಗ ಅವಳು ಕೊನೆಯ ಹಾಳೆ ತಿರುವಿದಳು.

ಕೆಳತುದಿಯಲ್ಲಿ ಸಣ್ಣಕ್ಷರ: ಮುಂದಿನ ಕಂತು, ಮೂರು ವರ್ಷಗಳ ನಂತರ.

ನಾನು ಓದಿದ್ದೆ. ನಾಬೋರನೂ.
ಎಲಿಯಾಸಾರ್ ಎಂಬ ಹುಡುಗ ನಿನ್ನೆ ಮೆಟ್ಟಿಲ ಮೇಲೆ ಕೂತು
ಅವಳ ಹಳೇ ಚೀರುಗಳನ್ನು ಕಿವಿಗೆ ಹಾಕಿಕೊಂಡು
ಗಂಟಲು ಸವರಿಕೊಳ್ಳುತ್ತಿದ್ದ. ಅದನ್ನೂ ನೋಡಿದ್ದೆ.

"ದನಿ ಒಡೆಯಿತಾ ಅವನದು?" ಅಂದಳು,
ಪಕ್ಕದ ಮನೆಯ ಮಗುವನ್ನು ವಿಚಾರಿಸುವ ಹಾಗೆ.
ಯಾರೂ ಮೈಕಿನ ಗುಂಡಿ ಒತ್ತಲಿಲ್ಲ.

ಉಳಿದದ್ದು ಒಂದೇ ದೃಶ್ಯ. ನದಿ.
ಹುಡುಗ ಕಾಲು ತೊಳೆಯುತ್ತಾನೆ, ನೀರು ನೋಡುತ್ತಾನೆ.
ಒಂದು ಚುಕ್ಕೆ.

ಹಸಿಂತಾ ಚಪ್ಪಲಿ ಕಳಚಿದಳು.

ಅದೇನು ಬಿಟ್ಟಳೋ, ನಿಟ್ಟುಸಿರಂತೂ ಅಲ್ಲ;
ಹೊರೆ ಇಳಿಸಿದವನು ಮತ್ತೆ ಎತ್ತುವ ಮುಂಚೆ
ಹೆಗಲು ಮುಟ್ಟಿಕೊಳ್ಳುತ್ತಾನಲ್ಲ, ಅದರ ಹಾಗೆ.
ಇನ್ನೊಮ್ಮೆ ತಗೊಳ್ಳೋಣವೇ, ಎಂದ ನಾಬೋರ್.
ಅವಳು ಆಗಲೇ ಬಾಗಿ, ಮಂಚದ ಕೆಳಗೆ ಹುಡುಕುವವಳಂತೆ,
ಕಾಲಲ್ಲಿ ಚಪ್ಪಲಿ ತಡವುತ್ತಿದ್ದಳು.

ರಾತ್ರಿ ಒಬ್ಬನೇ ಕೂತು ಕೇಳಿದೆ.
ಮೂಲೆ ತಿರುಗಿದ ಗಾಡಿ ಮತ್ತೊಮ್ಮೆ ಕೂಗಿತ್ತು;
ಆ ಉಸಿರಿನ ಬಾಲಕ್ಕೆ ಸಿಳ್ಳೆಯ ಬಾಲ ಸಿಕ್ಕಿಕೊಂಡಿದೆ.
ಒಂದನ್ನು ಅಳಿಸಿದರೆ ಇನ್ನೊಂದು ಸಣ್ಣಗಾಗುತ್ತದೆ.
ಹನ್ನೊಂದರವರೆಗೆ ಬಿಡಿಸಲು ನೋಡಿದೆ.

ಈಗ ಆ ನದಿಯ ಆಚೆ ದಡದಲ್ಲಿ
ಯಾರೋ ಗೆಣಸು ಬೇಯಿಸುತ್ತಿದ್ದಾರೆ.